ಡಬ್ಲ್ಯುಡಬ್ಲ್ಯುಇ ಕುಸ್ತಿ ಗೇಮ್ ಆಡಲು ಹಳೆಯ ಪಿಎಸ್2 ಸಾಕಾ, ಪಿಎಸ್5 ತಗೋಬೇಕಾ?

ಮನೆಯಲ್ಲಿ ಅಟ್ಟದ ಮೇಲೆ ಒಂದು ಪಿಎಸ್2 (ಸೋನಿಯ ಹಳೆಯ ಪ್ಲೇಸ್ಟೇಷನ್ 2) ಇದೆ, ಹತ್ತು ಮತ್ತು ಹದಿಮೂರು ವರ್ಷದ ಇಬ್ಬರು ಹುಡುಗರು ಕುಸ್ತಿ ಗೇಮ್ ಆಡಲು ಪಿಎಸ್5 ಬೇಕು ಅಂತ ಹಟ ಹಿಡಿದಿದ್ದಾರೆ, ಅಷ್ಟು ದುಡ್ಡು ಹಾಕಬೇಕಾ ಅಂತ ನೀವು ಕೇಳಿದ್ದೀರಿ. ಯಾವ ಕನ್ಸೋಲಿನ (ಟಿವಿಗೆ ಹಚ್ಚಿ ಆಡುವ ಗೇಮ್ ಯಂತ್ರದ) ಕುಸ್ತಿ ಆಟದಲ್ಲಿ ಏನು ಚೆನ್ನ, ಏನು ಕೊರತೆ ಅಂತಲೂ ಕೇಳಿದ್ದೀರಿ. ಇಪ್ಪತ್ತು ವರ್ಷದಿಂದ ಈ ಆಟಗಳನ್ನು ಆಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಉತ್ತರ. ಸದ್ಯಕ್ಕೆ ಆ ಪಿಎಸ್2 ಇಳಿಸಿ, ಧೂಳು ಒರೆಸಿ, ಹುಡುಗರ ಕೈಗೆ ಕೊಡಿ. ಕುಸ್ತಿ ಆಟಕ್ಕೆ ಮಾತ್ರ ಅಂತ 50 ಸಾವಿರದ ಮೇಲೆ ಹಾಕಿ ಪಿಎಸ್5 ತರಬೇಡಿ. ಬೇರೆ ಆಟಗಳನ್ನೂ ಆಡುತ್ತಾರೆ ಅನ್ನುವುದಾದರೆ ಆ ಮಾತು ಬೇರೆ.

ನಾನು ಬೆಳೆದದ್ದು ಬೆಳಗಾವಿಯ ಶಹಾಪುರದಲ್ಲಿ. 2004ರ ಸುಮಾರಿಗೆ ನಮ್ಮ ಓಣಿಯ ತಿರುವಿನಲ್ಲಿ ಒಂದು ಗೇಮ್ ಪಾರ್ಲರ್ ಇತ್ತು. ಎರಡು ಟಿವಿ, ಎರಡು ಪಿಎಸ್2, ಗಂಟೆಗೆ 15 ರೂಪಾಯಿ. ಶಾಲೆ ಬಿಟ್ಟ ಕೂಡಲೇ ಅಲ್ಲಿ ಪಾಳಿ ಹಚ್ಚುತ್ತಿದ್ದೆವು. ಒಂದು ಟಿವಿಯಲ್ಲಿ ಕ್ರಿಕೆಟ್, ಇನ್ನೊಂದರಲ್ಲಿ ಯಾವಾಗಲೂ 'ಸ್ಮ್ಯಾಕ್‌ಡೌನ್: ಹಿಯರ್ ಕಮ್ಸ್ ದ ಪೇನ್'. 2003ರಲ್ಲಿ ಬಂದ ಆಟ, ಜಪಾನಿನ ಯೂಕ್ಸ್ ಕಂಪನಿ ಮಾಡಿದ್ದು, ಪಿಎಸ್2 ಬಿಟ್ಟು ಬೇರೆ ಎಲ್ಲೂ ಬರಲಿಲ್ಲ. ಇವತ್ತಿಗೂ ಹೊಸಬರನ್ನು ಕೂಡಿಸಿ ಆಡಿಸಲು ಇದಕ್ಕಿಂತ ಒಳ್ಳೆಯ ಕುಸ್ತಿ ಆಟ ನಾನು ಕಂಡಿಲ್ಲ.

ಅದರ ದೊಡ್ಡ ಬಲ ವೇಗ. ಒಂದು ಬಟನ್ ಮತ್ತು ಒಂದು ದಿಕ್ಕು ಒತ್ತಿದರೆ ಎದುರಾಳಿ ಕೈಗೆ ಸಿಗುತ್ತಾನೆ. ಹಿಡಿತದಲ್ಲಿ ನಾಲ್ಕು ಬಗೆ: ಬಲದ್ದು, ಚುರುಕಿನದ್ದು, ಕೈಕಾಲು ತಿರುಚುವುದು, ಮತ್ತು ಆ ಕುಸ್ತಿಪಟುವಿನ ಸ್ವಂತ ಪಟ್ಟುಗಳು. ಏಟು ತಪ್ಪಿಸಲು ಒಂದು ಬಟನ್, ಹಿಡಿತ ಬಿಡಿಸಲು ಇನ್ನೊಂದು. ಹತ್ತು ವರ್ಷದ ಹುಡುಗ ಅರ್ಧ ಗಂಟೆಯಲ್ಲಿ ಕಲಿಯುತ್ತಾನೆ. ತಲೆ, ಕೈ, ಎದೆ, ಕಾಲು ಎಲ್ಲಿ ಪೆಟ್ಟು ಬಿದ್ದಿದೆ ಅಂತ ತೋರಿಸುವ ಒಂದು ಚಿಕ್ಕ ದೇಹದ ಚಿತ್ರವೂ ಪರದೆ ಮೇಲೆ ಬರುತ್ತದೆ. ಕಾಲಿಗೇ ಹೊಡೆದು ಹೊಡೆದು ಕೊನೆಗೆ ಕಾಲು ತಿರುಚಿ ಸೋಲೊಪ್ಪಿಸುವ ಲೆಕ್ಕಾಚಾರ ನಾವು ಕಲಿತದ್ದು ಅಲ್ಲೇ. ಕಬ್ಬಿಣದ ಪಂಜರದೊಳಗೆ ಆರು ಜನ ಸೇರುವ ಎಲಿಮಿನೇಷನ್ ಚೇಂಬರ್ ಪಂದ್ಯ ಗೇಮ್‌ನಲ್ಲಿ ಬಂದದ್ದೂ ಇದರಿಂದಲೇ.

ಇನ್ನು ಇದರ ಕೊರತೆ. ಅದನ್ನು ನನಗೆ ತೋರಿಸಿದ್ದು ನಮ್ಮ ಕಾಕಾ. ಕಾಕಾ ವಯಸ್ಸಿನಲ್ಲಿ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಮಣ್ಣು ಹೊತ್ತವರು. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ಕುಸ್ತಿ ಇದ್ದರೆ ಇವತ್ತಿಗೂ ಮೊದಲ ಜೋಡಿಯಿಂದ ಕೊನೆಯ ಜೋಡಿವರೆಗೆ ಕೂತು ನೋಡುತ್ತಾರೆ. ಮನೆಗೆ ನಾನು ಪಿಎಸ್2 ತಂದ ಮೊದಲ ವಾರ ಅವರು ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಕೈ ಕೂಡಸಲಾರದ ಎತ್ತಿ ಒಗೀತಾನಲ್ಲೋ ಇವ? ಹಿಡಿಯೋದು ಎಲ್ಲೈತಿ?"

ಅವತ್ತು ನನಗೆ ಬೇಜಾರಾಗಿತ್ತು. ಆದರೆ ಕಾಕಾ ಹೇಳಿದ್ದು ಸರಿಯಾಗಿತ್ತು. ನಮ್ಮ ಕಡೆ ಒಬ್ಬ ಸೋಲುವವರೆಗೂ ನಡೆಯುವ ನಿಕಾಲಿ ಕುಸ್ತಿ ನೋಡಿದ್ದೀರಿ ಅಲ್ವಾ? ಇಬ್ಬರೂ ತಲೆಗೆ ತಲೆ ಹಚ್ಚಿ, ಕುತ್ತಿಗೆ ಮೇಲೆ ಕೈ ಹಾಕಿ, ಎಷ್ಟೋ ನಿಮಿಷ ಹಿಡಿತಕ್ಕಾಗಿಯೇ ಗುದ್ದಾಡುತ್ತಾರೆ. ಅಷ್ಟು ಹೊತ್ತು ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಡಾವ್ (ಪಟ್ಟು) ಹಾಕುವುದು ಒಂದೇ ಕ್ಷಣ. ಹಿಯರ್ ಕಮ್ಸ್ ದ ಪೇನ್‌ನಲ್ಲಿ ಆ ಕ್ಷಣ ಮಾತ್ರ ಇದೆ, ಅದರ ಹಿಂದಿನ ಗುದ್ದಾಟ ಇಲ್ಲ. ಆವತ್ತಿನಿಂದ ಯಾವ ಕುಸ್ತಿ ಆಟ ಸಿಕ್ಕರೂ ನಾನು ಮೊದಲು ನೋಡುವುದು ಅದನ್ನೇ. ಹಿಡಿಯುವುದಕ್ಕೂ ಎಸೆಯುವುದಕ್ಕೂ ನಡುವೆ ಆಡುವವನಿಗೆ ಏನು ಕೆಲಸ ಇದೆ?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟ ಕನ್ಸೋಲ್ ನಿಂಟೆಂಡೊ 64. ನಮ್ಮ ಕಡೆ ಅದನ್ನು ಕಂಡವರು ಕಡಿಮೆ. ನಮ್ಮ ಭಾವ ಮಸ್ಕತ್‌ನಲ್ಲಿ ಕೆಲಸಕ್ಕಿದ್ದವರು, ಯಾರದ್ದೋ ಹಳೆಯದನ್ನು ತಂದುಕೊಟ್ಟಿದ್ದರು. ಜೊತೆಗೆ ಇದ್ದ ಒಂದೇ ಕುಸ್ತಿ ಕ್ಯಾಸೆಟ್ 'ನೋ ಮರ್ಸಿ'. 2000ದಲ್ಲಿ ಬಂದದ್ದು, ಆಕಿ ಅನ್ನುವ ಜಪಾನಿ ಕಂಪನಿ ಮಾಡಿದ್ದು. ಅದಕ್ಕೂ ಮುಂಚೆ 1997ರಿಂದ ಅವರು ಅದೇ ಕನ್ಸೋಲಿಗೆ ಹಲವು ಕುಸ್ತಿ ಆಟ ಮಾಡಿ ಕೈ ಪಳಗಿಸಿಕೊಂಡಿದ್ದರು.

ಅದರಲ್ಲಿ ಹಿಡಿಯುವ ಬಟನ್ ಒಂದೇ. ಸುಮ್ನೆ ಮುಟ್ಟಿ ಬಿಟ್ಟರೆ ಸಡಿಲ ಹಿಡಿತ. ಒತ್ತಿ ಹಿಡಿದರೆ ಗಟ್ಟಿ ಹಿಡಿತ. ಗಟ್ಟಿ ಹಿಡಿತಕ್ಕೆ ಹೊತ್ತು ಜಾಸ್ತಿ ಬೇಕು, ಅಷ್ಟರಲ್ಲಿ ಎದುರಿನವನು ಏಟು ಹಾಕಿ ತಪ್ಪಿಸಿಕೊಳ್ಳಬಹುದು. ಒಮ್ಮೆ ಹಿಡಿತ ಸಿಕ್ಕಿತು ಅಂದರೆ ಇಬ್ಬರೂ ಅಂಟಿಕೊಂಡು ನಿಲ್ಲುತ್ತಾರೆ. ಆಮೇಲೆ ಯಾವ ದಿಕ್ಕು, ಯಾವ ಬಟನ್ ಅಂತ ನೀವು ಯೋಚಿಸಬೇಕು. ಎದುರಾಳಿ ಬಿಡಿಸಿಕೊಳ್ಳಲು ಕಾಯುತ್ತಿರುತ್ತಾನೆ. ಆ ಅರ್ಧ ಸೆಕೆಂಡಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಪಂದ್ಯದ ಮೊದಲಿಗೇ ದೊಡ್ಡ ಪಟ್ಟುಗಳಿಗೆ ಕೈ ಹಾಕಿದರೆ ಆಗುವುದಿಲ್ಲ. ಸಣ್ಣ ಸಣ್ಣ ಪಟ್ಟು ಹಾಕಿ ಎದುರಾಳಿಯನ್ನು ದಣಿಸಬೇಕು, ಪರದೆ ಮೇಲಿನ ನಿಮ್ಮ ಹುರುಪಿನ ಪಟ್ಟಿ ತುಂಬಬೇಕು. ಆಗ ಮಾತ್ರ ಕೊನೆಯ ಪೆಟ್ಟು. ಕಾಕಾಗೆ ಇದನ್ನು ತೋರಿಸಿದಾಗ ಅವರು ಮಾತಾಡಲಿಲ್ಲ, ಪಕ್ಕದಲ್ಲಿ ಕೂತರು. ಹತ್ತು ನಿಮಿಷ ಆದಮೇಲೆ ಒಂದು ಕಂಟ್ರೋಲರ್ ಕೈಗೆ ತೆಗೆದುಕೊಂಡರು.

ನಿಂಟೆಂಡೊ 64ರ ಇನ್ನೊಂದು ಬಲ ಇದೆ, ಇದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರ ಮುಂಭಾಗದಲ್ಲಿ ಕಂಟ್ರೋಲರ್ ಸಿಕ್ಕಿಸಲು ನಾಲ್ಕು ಜಾಗ ಇವೆ. ಪಿಎಸ್1, ಪಿಎಸ್2 ಎರಡರಲ್ಲೂ ಇರುವುದು ಎರಡೇ. ನಾಲ್ಕು ಜನ ಆಡಬೇಕು ಅಂದರೆ ಮಲ್ಟಿಟ್ಯಾಪ್ ಅನ್ನುವ ಡಬ್ಬಿ ಬೇರೆ ಕೊಳ್ಳಬೇಕು. ಕುಸ್ತಿ ಆಟ ಒಬ್ಬನೇ ಕೂತು ಆಡುವುದಲ್ಲ. ದೀಪಾವಳಿ ರಜೆಯಲ್ಲಿ ಅಣ್ಣತಮ್ಮಂದಿರು ಸೇರಿ ಚೀರಾಡುತ್ತಾ ಆಡುವಂಥದ್ದು. ನಮ್ಮ ಪಾರ್ಲರಿನಲ್ಲಿ ಮಲ್ಟಿಟ್ಯಾಪ್ ಇರಲಿಲ್ಲ, ಇಬ್ಬರು ಆಡುವಾಗ ಎಂಟು ಜನ ಬಾಯಿ ಬಿಟ್ಟು ನೋಡುತ್ತಿದ್ದೆವು.

ಕ್ಯಾಸೆಟ್ ಆದ್ದರಿಂದ ಲೋಡಿಂಗ್ ಕಾಟವೂ ಇಲ್ಲ. ಅದೇ ಕಾಲದ ಪಿಎಸ್1 ಸಿಡಿ ಆಟ 'ಸ್ಮ್ಯಾಕ್‌ಡೌನ್ 2' ಬಲು ಚುರುಕು, ಆದರೆ ಅದರ ಸೀಸನ್ ಮೋಡ್‌ನಲ್ಲಿ ಪಂದ್ಯಕ್ಕಿಂತ ಲೋಡಿಂಗ್ ನೋಡುವುದೇ ಹೆಚ್ಚು. ಆದರೆ ಕ್ಯಾಸೆಟ್‌ನಲ್ಲಿ ಜಾಗ ಕಡಿಮೆ. ಹಾಗಾಗಿ ನೋ ಮರ್ಸಿಯಲ್ಲಿ ಕುಸ್ತಿಪಟುಗಳು ಒಳಗೆ ಬರುವ ದೃಶ್ಯ ಮೊಟಕು, ಹಾಡು ಮೊಟಕು, ಮಾತು ಇಲ್ಲವೇ ಇಲ್ಲ, ಎಲ್ಲಾ ಅಕ್ಷರದಲ್ಲಿ ಓದಬೇಕು. ನಾಲ್ಕು ಜನ ಒಟ್ಟಿಗೆ ರಿಂಗ್‌ನಲ್ಲಿದ್ದರೆ ಆಟ ನಿಧಾನ ಆಗುತ್ತದೆ. ಮೊದಲ ಕಂತಿನಲ್ಲಿ ಮಾರಿದ ಕ್ಯಾಸೆಟ್‌ಗಳಲ್ಲಿ ಉಳಿಸಿದ್ದೆಲ್ಲಾ ತಾನಾಗೇ ಅಳಿಸಿಹೋಗುವ ದೋಷವೂ ಇತ್ತು. ಈಗ ಹಳೆಯದು ಕೊಳ್ಳಲು ಹೋಗುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಆಕಿ ಮಾಡಿದ ಹಿಡಿತವೇ ಸ್ವಲ್ಪ ವೇಗವಾಗಿ ಬೇಕು ಅಂದರೆ ಪಿಎಸ್2ನಲ್ಲೂ ಸಿಗುತ್ತದೆ. 2003ರ 'ಡೆಫ್ ಜಾಮ್ ವೆಂಡೆಟಾ' ಮಾಡಿದ್ದು ಅದೇ ಕಂಪನಿ. ಅದರಲ್ಲಿರುವುದು ಡಬ್ಲ್ಯುಡಬ್ಲ್ಯುಇ ಕುಸ್ತಿಪಟುಗಳಲ್ಲ, ಅಮೆರಿಕದ ರ‍್ಯಾಪ್ ಹಾಡುಗಾರರು. ಮಕ್ಕಳಿಗೆ ಅಲ್ಲ, ದೊಡ್ಡವರಿಗೆ.

ಗೇಮ್‌ಕ್ಯೂಬ್, ಮೊದಲ ಎಕ್ಸ್‌ಬಾಕ್ಸ್ ಎರಡಕ್ಕೂ ನಾಲ್ಕು ಕಂಟ್ರೋಲರ್ ಜಾಗ ಇತ್ತು. ಗೇಮ್‌ಕ್ಯೂಬ್‌ಗೆ ಬಂದ 'ಡೇ ಆಫ್ ರೆಕನಿಂಗ್' ಎರಡು ಭಾಗಗಳು ಚೆನ್ನಾಗಿವೆ. ಎಕ್ಸ್‌ಬಾಕ್ಸ್‌ನ 'ರಾ' ನೋಡಲು ಚೆಂದ, ಆಡಲು ಸಪ್ಪೆ. ಇವು ನಮ್ಮ ಕಡೆ ಸಿಗುವುದು ಕಷ್ಟ, ಬಿಟ್ಟುಬಿಡಿ.

ಪಿಎಸ್2ಗೇ ಬಂದ ಇನ್ನೊಂದು ಆಟ ಹೇಳಲೇಬೇಕು, 'ಸ್ಮ್ಯಾಕ್‌ಡೌನ್ ವರ್ಸಸ್ ರಾ 2006'. ಇದರಲ್ಲಿ ಕುಸ್ತಿಪಟು ದಣಿಯುತ್ತಾನೆ. ಓಡಿ ಓಡಿ ಹೊಡೆದರೆ ಉಸಿರು ಖಾಲಿ, ನಿಂತು ಸುಧಾರಿಸಿಕೊಳ್ಳಬೇಕು. ಹಿಯರ್ ಕಮ್ಸ್ ದ ಪೇನ್‌ನ ವೇಗ ಇಲ್ಲಿಲ್ಲ, ಆದರೆ ಪಂದ್ಯಕ್ಕೆ ಏರಿಳಿತ ಬರುತ್ತದೆ. ಜನರಲ್ ಮ್ಯಾನೇಜರ್ ಮೋಡ್ ಶುರುವಾದದ್ದೂ ಇದರಲ್ಲೇ. ಯಾವ ವಾರ ಯಾರಿಗೆ ಯಾರು ಜೋಡಿ, ಯಾರಿಗೆ ಎಷ್ಟು ಸಂಬಳ ಅಂತ ನೀವೇ ಗೊತ್ತುಮಾಡಬೇಕು. ನಿಮ್ಮ ದೊಡ್ಡ ಮಗನಿಗೆ ಇದು ಹಿಡಿಸಬಹುದು. ಇದೇ ಆಟ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೂ ಬಂತು, ಅಷ್ಟು ಚಿಕ್ಕ ಯಂತ್ರದಲ್ಲಿ ಅಷ್ಟು ದೊಡ್ಡ ಆಟ ಅಂತ ನಾನು ಬೆರಗಾಗಿದ್ದೆ. ಆದರೆ ಲೋಡಿಂಗ್ ವಿಪರೀತ.

ಈಗ ಪಿಎಸ್4, ಪಿಎಸ್5ಗೆ ಬರೋಣ. ಚಿತ್ರದ ವಿಷಯದಲ್ಲಿ ಹಳೆಯದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬೆವರು, ಚರ್ಮ, ಜನರ ಗದ್ದಲ ಎಲ್ಲಾ ಟಿವಿಯಲ್ಲಿ ನೋಡಿದ ಹಾಗೇ ಇರುತ್ತದೆ. ಪ್ರಪಂಚದ ಬೇರೆ ಆಟಗಾರರು ಮಾಡಿ ಹಾಕಿದ ಕುಸ್ತಿಪಟುಗಳನ್ನು ಇಳಿಸಿಕೊಳ್ಳಬಹುದು. ನಾನು ಕೆಂಪು ಲಂಗೋಟಿ ಹಾಕಿದ ಒಬ್ಬ ಪೈಲ್ವಾನನನ್ನು ಎರಡು ದಿನ ಕೂತು ಮಾಡಿದ್ದೇನೆ, ಕಾಕಾನ ಮೀಸೆ ಹಚ್ಚಿ. ಅಂಥದ್ದು ಪಿಎಸ್2ನಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ.

ಆದರೆ ಈ ಸಾಲಿನ ಆಟಗಳು ಒಂದೇ ಮಟ್ಟದಲ್ಲಿಲ್ಲ. 'ಡಬ್ಲ್ಯುಡಬ್ಲ್ಯುಇ 2ಕೆ15' ಪಿಎಸ್4ಗೆ ಬಂದಾಗ ಹಳೆಯ ಆಟಗಳಲ್ಲಿದ್ದ ಎಷ್ಟೋ ಸೌಲಭ್ಯ ಕೈಬಿಟ್ಟಿದ್ದರು. ಅಲ್ಲಿಯವರೆಗೆ ಈ ಆಟಗಳನ್ನು ಮಾಡುತ್ತಿದ್ದ ಯೂಕ್ಸ್ ಬಿಟ್ಟುಹೋದ ಮೇಲೆ 2019ರಲ್ಲಿ ಬಂದ 2ಕೆ20 ದೋಷಗಳ ರಾಶಿ. 2020ರ ಜನವರಿ 1ರಂದು ಆ ಆಟ ತೆರೆಯಲೇ ಇಲ್ಲ, ಕನ್ಸೋಲಿನ ತಾರೀಖು ಹಿಂದಕ್ಕೆ ಹಾಕಿದರೆ ಮಾತ್ರ ನಡೆಯುತ್ತಿತ್ತು. ಮುಂದಿನ ವರ್ಷದ ಆಟವನ್ನೇ ರದ್ದು ಮಾಡಿ, 2022ರ ಮಾರ್ಚ್‌ನಲ್ಲಿ 2ಕೆ22 ತಂದರು. ಅಲ್ಲಿಂದ ಸುಧಾರಿಸಿದೆ. ನನಗೆ ಹಿಡಿಸಿದ ವಿಷಯ ಅಂದರೆ ಪಂದ್ಯದ ಮೊದಲಿಗೆ ಇಬ್ಬರೂ ಕೈ ಕೂಡಿಸಿ ಹಿಡಿತಕ್ಕೆ ಗುದ್ದಾಡುವ ಭಾಗ. 2ಕೆ15ರಲ್ಲಿ ಬಂದಿತ್ತು, ನಡುವೆ ಕೈಬಿಟ್ಟಿದ್ದರು, 2025ರ 2ಕೆ25ರಲ್ಲಿ ಮತ್ತೆ ಬಂತು. ಕಾಕಾನ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲಿದೆ.

ಇವುಗಳಲ್ಲಿ ನನಗೆ ನಿಜವಾಗಿ ನೋವು ಕೊಡುವ ವಿಷಯ ಬೇರೆ. ಹಳೆಯ ಭಾಗಗಳ ಸರ್ವರ್‌ಗಳನ್ನು ಕೆಲವೇ ವರ್ಷಗಳಲ್ಲಿ ಮುಚ್ಚುತ್ತಾರೆ. ಆಮೇಲೆ ಆನ್‌ಲೈನ್ ಪಂದ್ಯವೂ ಇಲ್ಲ, ಬೇರೆಯವರು ಮಾಡಿದ ಕುಸ್ತಿಪಟುಗಳೂ ಸಿಗುವುದಿಲ್ಲ. 2003ರ ಡಿವಿಡಿ ಇವತ್ತಿಗೂ ಪೂರ್ತಿ ಆಟ. ಮೇಲಾಗಿ ಹೊಸ ಆಟಕ್ಕೆ ಜಾಗ ಬಹಳ ಬೇಕು, 2ಕೆ24 ಪಿಸಿಯಲ್ಲೇ 90 ಜಿಬಿ ಕೇಳುತ್ತದೆ. ನಿಮ್ಮ ಮನೆಯಲ್ಲಿ ಇಂಟರ್ನೆಟ್ ಹೇಗಿದೆಯೋ ನೋಡಿಕೊಳ್ಳಿ.

ನಿಂಟೆಂಡೊ ಸ್ವಿಚ್ ವಿಷಯ ಯಾರಾದರೂ ಹೇಳಿದರೆ ಹಳೆಯ ಸ್ವಿಚ್‌ನ 2ಕೆ18 ಮಾತ್ರ ಕೊಳ್ಳಬೇಡಿ. ಆ ಯಂತ್ರಕ್ಕೆ ಅದು ಹೊರಲಾರದ ಭಾರ. ಎಷ್ಟೋ ವರ್ಷ ಆದಮೇಲೆ, 2025ರಲ್ಲಿ, ಸ್ವಿಚ್ 2ಗೆ 2ಕೆ25 ಬಂತು.

ನೋ ಮರ್ಸಿಯ ರುಚಿ ಹೊಸ ಕನ್ಸೋಲಿನಲ್ಲಿ ಬೇಕು ಅಂದರೆ 2023ರ 'ಎಇಡಬ್ಲ್ಯು ಫೈಟ್ ಫಾರೆವರ್' ಇದೆ (ಎಇಡಬ್ಲ್ಯು ಅಂದರೆ ಅಮೆರಿಕದ ಇನ್ನೊಂದು ಕುಸ್ತಿ ಕಂಪನಿ). ಮಾಡಿದ್ದು ಯೂಕ್ಸ್, ನೋ ಮರ್ಸಿಯ ನಿರ್ದೇಶಕರೂ ಜೊತೆಗಿದ್ದರು. ನಾಲ್ಕು ಜನ ಕೂತು ಆಡಲು ಚೆನ್ನ. ಒಬ್ಬನೇ ಆಡಿದರೆ ಬೇಗ ಮುಗಿದುಹೋಗುತ್ತದೆ.

ಕುಸ್ತಿಯ ಜೀವ ಹಿಡಿದ ಆಟ ಯಾವುದು ಅಂತ ನನ್ನನ್ನೇ ಕೇಳಿದರೆ 'ಫೈರ್ ಪ್ರೊ ರೆಸ್ಲಿಂಗ್' ಅನ್ನುತ್ತೇನೆ. 1989ರಲ್ಲಿ ಜಪಾನಿನಲ್ಲಿ ಶುರುವಾದ ಸರಣಿ. ಈಚಿನದು 'ಫೈರ್ ಪ್ರೊ ರೆಸ್ಲಿಂಗ್ ವರ್ಲ್ಡ್', 2017ರಲ್ಲಿ ಪಿಸಿಗೆ, 2018ರಲ್ಲಿ ಪಿಎಸ್4ಗೆ ಬಂತು. ಚಿತ್ರ ಹಳೆಯ ಕಾಲದ್ದು, ಚಪ್ಪಟೆ ಗೊಂಬೆಗಳು. ನಿಮ್ಮ ಹುಡುಗರು ಮೊದಲು ಮೂಗು ಮುರಿಯುತ್ತಾರೆ. ಆದರೆ ಇದರಲ್ಲಿ ಬಟನ್ ಚಚ್ಚಿದರೆ ಸೋಲು ಖಂಡಿತ. ಇಬ್ಬರೂ ಹತ್ತಿರ ಬಂದಾಗ ಹಿಡಿತ ತಾನಾಗೇ ಬೀಳುತ್ತದೆ, ಕೈ ಕೂಡಿದ ಸರಿಯಾದ ಗಳಿಗೆಗೆ ಒತ್ತಿದವನದ್ದು ಪಟ್ಟು. ಅವಸರ ಮಾಡಿದವನು ಬೀಳುತ್ತಾನೆ. ಯಾರಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ತೋರಿಸುವ ಪಟ್ಟಿಯೂ ಇಲ್ಲ. ಎದುರಾಳಿ ಏಳುವ ರೀತಿ, ಉಸಿರು ಬಿಡುವ ರೀತಿ ನೋಡಿ ನೀವೇ ಅಂದಾಜು ಮಾಡಬೇಕು. ತಾಲೀಮಿನಲ್ಲಿ ವಸ್ತಾದರು (ಕುಸ್ತಿ ಕಲಿಸುವ ಗುರುಗಳು) ಹುಡುಗರಿಗೆ ಹೇಳುವುದೂ ಇದನ್ನೇ ಅಲ್ವಾ, ಎದುರಿನವನ ಉಸಿರು ನೋಡು ಅಂತ. ಪಿಸಿಯಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ.

ಹುಡುಗರ ವಯಸ್ಸಿನ ಬಗ್ಗೆ ಒಂದು ಮಾತು. ಹಿಯರ್ ಕಮ್ಸ್ ದ ಪೇನ್‌ನಲ್ಲಿ ರಕ್ತ ಬರುತ್ತದೆ, ಹೆಂಗಸರು ಒಬ್ಬರ ಬಟ್ಟೆ ಇನ್ನೊಬ್ಬರು ಕೀಳುವ ಪಂದ್ಯವೊಂದಿದೆ. ಅದು ನನಗೆ ಆಗಲೂ ಇಷ್ಟ ಇರಲಿಲ್ಲ. ಆಟ ಕೊಡುವ ಮುಂಚೆ ನೀವೇ ಒಂದು ಸಂಜೆ ಆಡಿ ನೋಡಿ. 2006ರದ್ದನ್ನು ಕೊಡುವ ಮುಂಚೆಯೂ ಹಾಗೇ ಆಡಿ ನೋಡಿ.

ಇನ್ನು ನಿಮ್ಮ ಪಿಎಸ್2 ಹಚ್ಚುವ ವಿಷಯ. ಹಳದಿ, ಬಿಳಿ, ಕೆಂಪು ವೈರ್ ಹಚ್ಚುವ ಜಾಗ ನಿಮ್ಮ ಟಿವಿಯಲ್ಲಿ ಇದೆಯಾ ನೋಡಿ. ಹೊಸ ಟಿವಿಯಲ್ಲಿ ಬಟನ್ ಒತ್ತಿದ್ದಕ್ಕೂ ಪರದೆ ಮೇಲೆ ಕಾಣುವುದಕ್ಕೂ ಒಂಚೂರು ತಡ ಆಗುತ್ತದೆ, ಹಿಡಿತ ಬಿಡಿಸುವ ಆಟದಲ್ಲಿ ಆ ಒಂಚೂರೇ ಸೋಲಿಸುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ. ಹಳೆಯ ಡಬ್ಬಾ ಟಿವಿ ಮನೆಯಲ್ಲಿ ಇನ್ನೂ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಮೆಮೊರಿ ಕಾರ್ಡ್ ಅಸಲಿಯದ್ದೇ ತಗೊಳ್ಳಿ. ನಾನು ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ನಕಲಿ ಕಾರ್ಡ್ ತಂದು, ಎರಡು ತಿಂಗಳು ಆಡಿದ ಸೀಸನ್ ಪೂರ್ತಿ ಕಳೆದುಕೊಂಡೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಎಲ್ಲಾದರೂ ಮಲ್ಟಿಟ್ಯಾಪ್ ಕಣ್ಣಿಗೆ ಬಿದ್ದರೆ ಚೌಕಾಸಿ ಮಾಡದೆ ತಗೊಳ್ಳಿ, ಜೊತೆಗೆ ಇನ್ನೆರಡು ಕಂಟ್ರೋಲರ್. ಇಬ್ಬರು ಹುಡುಗರು ಆಡುವ ಮನೆಗೆ ಓಣಿಯ ಇನ್ನಿಬ್ಬರು ಬಂದೇ ಬರುತ್ತಾರೆ.