ಹಾರ್ಟ್ ಪೇಷೆಂಟ್ ಅಮ್ಮನಿಗೆ ಆನ್‌ಲೈನ್ ಡಯಟ್ ಕೋಚ್ ಇಡಬೇಕಾ? ಬೆಂಗಳೂರಿನಿಂದ ನಾನೇ ಮಾತಾಡಿದರೆ ಸಾಕಾ?

ಸಾಲದು. ಅಮ್ಮನಿಗೆ ಸ್ಟೆಂಟ್ ಹಾಕಿ ಎರಡು ತಿಂಗಳು, ಪಂಪಿಂಗ್ (ಒಂದು ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) 40 ಪರ್ಸೆಂಟ್, ಅವರು ಹೊಸನಗರದ ಕಡೆ ಹಳ್ಳೀಲಿ, ನೀವು ಬೆಂಗಳೂರಲ್ಲಿ, ತಿಂಗಳಿಗೆ ನಾಲ್ಕು ಸಾವಿರ ಕೊಟ್ಟು ಕೋಚ್ ಹೇಳಿದ್ದನ್ನ ಫೋನಲ್ಲಿ ಅಮ್ಮನಿಗೆ ದಾಟಿಸೋಣ ಅಂತಿದ್ದೀರಿ. ಊರಿನ ಹೆಸರೊಂದು ಬದಲಾಯಿಸಿದರೆ ಇದು ನನ್ನದೇ ಕತೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ನಮ್ಮನೆ ತೀರ್ಥಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ. 2021ರ ಜುಲೈ, ನಟ್ಟಿ ಸಮಯ. ಗದ್ದೆಯಿಂದ ಬಂದ ಅಪ್ಪಯ್ಯ ಎದೆ ಉರಿ ಅಂತ ಜೀರಿಗೆ ಕಷಾಯ ಕುಡಿದು ಮಲಗಿದರು. ಗ್ಯಾಸ್ ಇರಬೇಕು ಅಂತ ಅರ್ಧ ದಿನ ಕಳೆದೇಹೋಯ್ತು. ಸಂಜೆ ಸುರಿಯುವ ಮಳೆಯಲ್ಲಿ ಆಗುಂಬೆ ಘಾಟಿ ಇಳಿಸಿ ಕರಾವಳಿಯ ಆಸ್ಪತ್ರೆಗೆ ಕರ್ಕೊಂಡು ಹೋದರು. ಸ್ಟೆಂಟ್ ಹಾಕಿ ಜೀವ ಉಳಿಸಿದರು. ಪಂಪಿಂಗ್ ಮಾತ್ರ 35ಕ್ಕೆ ಬಂದು ನಿಂತಿತ್ತು. ಅದು 55ರ ಮೇಲಿರಬೇಕು. ಅಪ್ಪಯ್ಯನಿಗೆ ಆಗ 64.

ಡಿಸ್ಚಾರ್ಜ್ ದಿನ ಎಂಟು ಥರದ ಮಾತ್ರೆ ಬರೆದುಕೊಟ್ಟರು. ಪಥ್ಯ ಅಂದರೆ 'ಉಪ್ಪು ಕಡಿಮೆ, ಎಣ್ಣೆ ಕಡಿಮೆ' ಅನ್ನೋ ಒಂದು ಹಾಳೆ. ಅದನ್ನ ನೋಡಿ ನನಗೆ ಸಮಾಧಾನ ಆಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ವಾರವೇ, ಪ್ರತಿ ರೋಗಿಗೂ ಅವರಿಗೇ ತಕ್ಕ ಪಥ್ಯ ಮಾಡಿಕೊಡ್ತೀವಿ ಅನ್ನೋ ಒಂದು ಆನ್‌ಲೈನ್ ಕೋಚಿಂಗಿಗೆ ಮೂರು ತಿಂಗಳ ಹಣ ಕಟ್ಟಿದೆ. ದೂರ ಇದ್ದ ಮಗ ಅಷ್ಟಾದರೂ ಮಾಡಬೇಕಲ್ಲ ಅನ್ನೋ ಸಂಕಟ. ಅದು ನಿಮಗೂ ಗೊತ್ತಿರುತ್ತೆ.

ಅವರು ಒಂದು ಫಾರಂ ಕಳಿಸಿದರು. ವಯಸ್ಸು, ತೂಕ, ಬಿಪಿ, ಕೊಲೆಸ್ಟ್ರಾಲ್, ಊಟದ ಪದ್ಧತಿ. ಕೊನೆಯಲ್ಲಿ ಒಂದು ಸಣ್ಣ ಚೌಕ: 'ಈಗ ತೆಗೆದುಕೊಳ್ಳುತ್ತಿರುವ ಔಷಧಗಳು'. ನಾನು ಆಫೀಸಿನ ಬಸ್ಸಿನಲ್ಲಿದ್ದೆ. ಚೀಟಿ ಊರಲ್ಲಿ, ಅಮ್ಮನ ಹತ್ತಿರ. ಆ ಚೌಕದಲ್ಲಿ 'ಹಾರ್ಟ್ ಮಾತ್ರೆ, ಬಿಪಿ ಮಾತ್ರೆ' ಅಂತ ಬರೆದು ಕಳಿಸಿಬಿಟ್ಟೆ.

ನಾಲ್ಕೇ ನಾಲ್ಕು ಪದ. ಉಳಿದದ್ದೆಲ್ಲ ಆದದ್ದು ಅದರಿಂದಲೇ. ಅಮ್ಮನಿಗೆ ಫೋನ್ ಮಾಡಿ 'ಚೀಟಿ ಫೋಟೋ ತೆಗೆದು ಕಳಿಸು' ಅನ್ನಬಹುದಿತ್ತು. ನನ್ನ ತಮ್ಮ ಮನೇಲೇ ಇದ್ದ, ಎರಡು ನಿಮಿಷದ ಕೆಲಸ. ಅದು ಮುಖ್ಯ ಅಂತ ನನಗೆ ಅನ್ನಿಸಲೇ ಇಲ್ಲ. ಮಾತ್ರೆ ಡಾಕ್ಟರ್ ವಿಷಯ, ಊಟ ಕೋಚ್ ವಿಷಯ, ಎರಡೂ ಬೇರೆ ಅಂದುಕೊಂಡಿದ್ದೆ. ಹಾರ್ಟ್ ಪೇಷೆಂಟಿಗೆ ಅವು ಬೇರೆ ಅಲ್ಲ. ಕೋಚ್ ಕೂಡ ಯಾವ ಮಾತ್ರೆ ಅಂತ ತಿರುಗಿ ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಆದರೆ ಬರೆದವನು ನಾನು.

ಚಾರ್ಟ್ ಬಂತು. ಎರಡನೇ ವಾರ ಅಪ್ಪಯ್ಯ ಊಟ ಸಪ್ಪೆ, ಗಂಟಲಲ್ಲಿ ಇಳಿಯಲ್ಲ ಅಂದರು. ನಾನು ಅದನ್ನ ಕೋಚಿಗೆ ದಾಟಿಸಿದೆ. ಮಾಮೂಲಿ ಉಪ್ಪಿನ ಬದಲು ಸೋಡಿಯಂ ಕಡಿಮೆ ಇರೋ ಉಪ್ಪು ಬಳಸಿ, ದಿನಾ ಎಳನೀರು ಕೊಡಿ, ಎರಡು ಬಾಳೆಹಣ್ಣು ಕೊಡಿ ಅಂದರು. ಬರೀ ಬಿಪಿ ಇರುವವರಿಗೆ ಇದು ಕೆಟ್ಟ ಸಲಹೆ ಏನಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ, ಅರ್ಧ ಹಳ್ಳಿಗಳಿಗೆ ಇಂಥ ಉಪ್ಪು ಕೊಟ್ಟು, ಉಳಿದವಕ್ಕೆ ಕೊಡದೆ ನಡೆಸಿದ ಅಧ್ಯಯನ ಅದೇ 2021ರಲ್ಲಿ ಪ್ರಕಟವಾಯ್ತು. ಈ ಉಪ್ಪು ತಿಂದವರಲ್ಲಿ ಸ್ಟ್ರೋಕ್ ಕಡಿಮೆಯಾಗಿತ್ತು. ಆದರೆ ಆ ಉಪ್ಪಿನಲ್ಲಿ ಸೋಡಿಯಂ ಕಡಿಮೆ ಆಗೋದು ಹೇಗೆ? ಒಂದು ಪಾಲು ಸೋಡಿಯಂ ಕ್ಲೋರೈಡ್ ತೆಗೆದು ಆ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರ್ತಾರೆ. ಎಳನೀರು, ಬಾಳೆಹಣ್ಣಲ್ಲೂ ಪೊಟ್ಯಾಸಿಯಂ ಜಾಸ್ತಿ. ಹೆಚ್ಚಾದ ಪೊಟ್ಯಾಸಿಯಂ ಹೊರಗೆ ಹಾಕೋದು ಕಿಡ್ನಿ. ಅಪ್ಪಯ್ಯನ ಎಂಟು ಮಾತ್ರೆಗಳಲ್ಲಿ ರಾಮಿಪ್ರಿಲ್ ಒಂದು, ಸ್ಪೈರೊನೊಲ್ಯಾಕ್ಟೋನ್ ಒಂದು. ಎರಡೂ ಪೊಟ್ಯಾಸಿಯಂ ಹೊರಗೆ ಹೋಗದ ಹಾಗೆ ಹಿಡಿದಿಡುತ್ತವೆ. ಮೇಲಿಂದ ಸುರೀತಾ ಇದ್ದೆವು, ಕೆಳಗೆ ತೂಬು ಮುಚ್ಚಿತ್ತು.

ಆರನೇ ವಾರ ಅಪ್ಪಯ್ಯ ಫೋನಲ್ಲಿ, "ಕಾಲಿಗೆ ಬಲವೇ ಇಲ್ಲ ಮಾರಾಯ, ಅಂಗಳ ದಾಟಕ್ಕೆ ಆಗ್ತಿಲ್ಲ" ಅಂದರು. ಪಥ್ಯದ ನಿತ್ರಾಣ ಅಂತ ನಾವೆಲ್ಲ ತಿಳಕೊಂಡೆವು. ಅಮ್ಮ ಪಾಪ, ಶಕ್ತಿ ಬರಲಿ ಅಂತ ದಿನಕ್ಕೆ ಇನ್ನೊಂದು ಎಳನೀರು ಜಾಸ್ತಿ ಮಾಡಿದಳು. ಮೂರನೇ ದಿನ ಬಚ್ಚಲಿಗೆ ಹೋದವರು ಅಲ್ಲೇ ಕುಸಿದರು. ತೀರ್ಥಹಳ್ಳಿಯಲ್ಲಿ ನೋಡಿದಾಗ ನಾಡಿ ನಿಮಿಷಕ್ಕೆ 38. ಅಲ್ಲಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್, ತುಂಗೆಯ ದಂಡೆಯ ಆ ತಿರುವು ರಸ್ತೆ. ತಮ್ಮ ಆಂಬುಲೆನ್ಸಿನಲ್ಲಿ ಕೂತು ಮಂಡಗದ್ದೆ ಬಂತು, ಸಕ್ರೆಬೈಲು ಬಂತು ಅಂತ ನನಗೆ ಫೋನಲ್ಲಿ ಹೇಳ್ತಾನೇ ಇದ್ದ. ನಾನು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹುಡುಕ್ತಿದ್ದೆ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರೊಳಗೆ ಇರಬೇಕು. ಅಪ್ಪಯ್ಯನದು 7.2 ಇತ್ತು. ಆ ಮಟ್ಟದಲ್ಲಿ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಕ್ಯಾಲ್ಸಿಯಂ ಇಂಜೆಕ್ಷನ್, ಗ್ಲೂಕೋಸ್ ಜತೆ ಇನ್ಸುಲಿನ್, ಕೊನೆಗೆ ಒಂದು ಸಲ ಡಯಾಲಿಸಿಸ್. ಐದು ದಿನ ಐಸಿಯು.

ಬದುಕಿದರು. ನನ್ನನ್ನ ಈಗಲೂ ಕೊರೆಯೋದು ಬೇರೆ. ಅವತ್ತಿಂದ ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿದರು, ಮತ್ತೆ ಕೊಡುವ ಧೈರ್ಯ ಡಾಕ್ಟರಿಗೆ ಬರಲಿಲ್ಲ. ಹೃದಯ ತೀರಾ ಬಲಹೀನ ಆದವರಲ್ಲಿ ಸಾವಿನ ಸಂಭವವನ್ನ ಶೇ. 30ರಷ್ಟು ಇಳಿಸುತ್ತೆ ಅಂತ 1999ರಲ್ಲೇ ಸಾಬೀತಾದ ಮಾತ್ರೆ ಅದು. ನನ್ನ ಅಸಡ್ಡೆಯಿಂದ ಅಪ್ಪಯ್ಯನ ಕೈ ತಪ್ಪಿತು.

ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಮಾಮೂಲಿ ಉಪ್ಪಿನ ಬದಲು ಪೊಟ್ಯಾಸಿಯಂ ಇರುವ ಉಪ್ಪು ಬಳಸಬಹುದು ಅಂತ ಮಾರ್ಗಸೂಚಿ ಕೊಟ್ಟಿದೆ. ಅದು ಗರ್ಭಿಣಿಯರಿಗೆ, ಮಕ್ಕಳಿಗೆ, ಕಿಡ್ನಿ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಸರಿಯಾಗಿ ಹೊರಹೋಗದವರಿಗೆ ಅನ್ವಯಿಸಲ್ಲ ಅಂತ ಅದರಲ್ಲೇ ಇದೆ. ಆ ಎರಡು ಮಾತ್ರೆಗಳಿಂದಾಗಿ ಅಪ್ಪಯ್ಯ ಈ ಕೊನೆಯ ಗುಂಪಿನವರು.

ಹಾಗಾದರೆ ಕೋಚಿಂಗ್ ಬೇಡವಾ ಅಂದರೆ, ಬೇಕು. ಖಂಡಿತ ಬೇಕು. ನಿಜವಾದ ಪಥ್ಯದ ಸಲಹೆ ಹೇಗಿರುತ್ತೆ ಅಂತ ಆಮೇಲೆ ಶಿವಮೊಗ್ಗದಲ್ಲಿ ನೋಡಿದೆ. ಡಯಟಿಶಿಯನ್ ಮೊದಲು ಮಾತ್ರೆ ಚೀಟಿ ಇಸ್ಕೊಂಡರು, ಕಿಡ್ನಿ ಹೇಗಿದೆ ಅಂತ ತಿಳಿಸೋ ಕ್ರಿಯಾಟಿನಿನ್ ರಿಪೋರ್ಟ್ ನೋಡಿದರು. ನಾನು ಮಾತು ಶುರು ಮಾಡಿದರೆ ಕೈ ತೋರಿಸಿ ತಡೆದು ಅಮ್ಮನ ಕಡೆ ತಿರುಗಿದರು.

"ಅಮ್ಮಾ, ಒಂದು ಕೆಜಿ ಉಪ್ಪಿನ ಪ್ಯಾಕೆಟ್ ನಿಮ್ಮನೇಲಿ ಎಷ್ಟು ದಿನ ಬರುತ್ತೆ?"

"ಇಪ್ಪತ್ತು ದಿನ ಬರ್ತದೆ."

"ಎಷ್ಟು ಜನ?"

"ನಾಲ್ಕು ಜನ."

ಅಂದರೆ ತಲೆಗೆ ದಿನಕ್ಕೆ 12 ಗ್ರಾಂ ಮೇಲೆ. ಇರಬೇಕಾದ್ದು 5 ಗ್ರಾಮಿಗಿಂತ ಕಡಿಮೆ. "ಉಪ್ಪಿನಕಾಯಿಗೂ ಇದೇ ಉಪ್ಪಾ?" ಅಂತ ಕೇಳಿದರು. "ಇಲ್ಲ, ಮಿಡಿಗೆ ಹರಳುಪ್ಪು ಬೇರೆ ತರ್ತೀವಿ. ಅದು ಅಡುಗೆ ಲೆಕ್ಕ ಅಲ್ಲ ಅಲ್ದಾ?" ಅಂದಳು ಅಮ್ಮ. ಆಮೇಲೆ ಒಂದೊಂದೇ ಹೊರಗೆ ಬಂತು. ಹತ್ತು ಗಂಟೆಗೆ ಗಂಜಿ ಜತೆ ಮಾವಿನ ಮಿಡಿ. ಮಳೆಗಾಲಕ್ಕೆ ಉಪ್ಪುನೀರಲ್ಲಿ ಹಾಕಿಟ್ಟ ಕಳಲೆ. ಬಾಳಕದ ಮೆಣಸು, ಹಲಸಿನ ಹಪ್ಪಳ, ಒಣಮೀನು. ಇವು ಯಾವುದೂ ನನ್ನ ಫಾರಂನಲ್ಲಿ ಇರಲಿಲ್ಲ. ನಾನು ಅದೇ ಮನೇಲಿ ಹುಟ್ಟಿ ಬೆಳೆದವನು, ನನಗೇ ಹೊಳೆದಿರಲಿಲ್ಲ.

ಅವರು ಓಟ್ಸ್ ಅನ್ನಲಿಲ್ಲ, ಆಲಿವ್ ಎಣ್ಣೆ ಅನ್ನಲಿಲ್ಲ. ಗಂಜಿ ಇರಲಿ, ಮಿಡಿ ಬೇಡ. ಒಣಮೀನು ಬಿಡಿ, ಹಸಿ ಬಂಗುಡೆ, ಭೂತಾಯಿ ತಿನ್ನಿ, ಹುರೀಬೇಡಿ. ಮಸಾಲೆಗೆ ಅರೆಯೋ ಕಾಯಿ ಅರ್ಧಕ್ಕೆ ಇಳಿಸಿ, ಕೊಬ್ಬರಿ ಎಣ್ಣೆ ದಿನದ ಅಡುಗೆಗೆ ಬೇಡ, ಅದರಲ್ಲಿ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಗಂಜಿ ತಿಳಿ, ಮಜ್ಜಿಗೆ, ಕಷಾಯ ಎಲ್ಲ, ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಹೇಳಿದ ಲೆಕ್ಕಕ್ಕೇ ಸೇರುತ್ತೆ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ, ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ನೀರು ತುಂಬಿದ್ದು, ಫೋನ್ ಮಾಡಿ.

ಉಪ್ಪಿಗೆ ಒಂದು ಉಪಾಯ ಮಾಡಿದ್ದು ಅಮ್ಮ. ಹೊಗೆಸೊಪ್ಪು ಬಿಟ್ಟ ಮೇಲೆ ಅಪ್ಪಯ್ಯನ ಎಲೆಅಡಿಕೆ ತಟ್ಟೆ ಅಟ್ಟ ಸೇರಿತ್ತು. ಅದರಲ್ಲಿದ್ದ ಸ್ಟೀಲಿನ ಸುಣ್ಣದ ಡಬ್ಬಿಯನ್ನ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ದಿನಾ ಬೆಳಿಗ್ಗೆ ಮುಕ್ಕಾಲು ಟೀ ಚಮಚ ಮಾಮೂಲಿ ಉಪ್ಪು ಅದಕ್ಕೆ ಹಾಕಿಡ್ತಾಳೆ. ಅಡುಗೆ ಎಲ್ಲ ಉಪ್ಪಿಲ್ಲದೆ. ಅಪ್ಪಯ್ಯನ ಪಾಲು ತೆಗೆದ ಮೇಲೆ ಉಳಿದವರದ್ದಕ್ಕೆ ಉಪ್ಪು. ಅಪ್ಪಯ್ಯ ಮೂರು ಹೊತ್ತೂ ಆ ಡಬ್ಬಿಯಿಂದಲೇ ಚಿಟಿಕೆ ಚಿಟಿಕೆ ಹಾಕ್ಕೋಬೇಕು, ಖಾಲಿಯಾದರೆ ಅವತ್ತಿಗೆ ಮುಗೀತು. ಮೊದಮೊದಲು ಮಧ್ಯಾಹ್ನಕ್ಕೇ ಖಾಲಿ ಮಾಡಿ ರಾತ್ರಿ ಸಿಡಿಮಿಡಿ ಮಾಡ್ತಿದ್ದರು. ನಿಂಬೆಹುಳಿ, ಜೀರಿಗೆಮೆಣಸು, ಬೆಳ್ಳುಳ್ಳಿ ಒಗ್ಗರಣೆ ಅವರ ಕೈ ಹಿಡಿಯಿತು. ತಿಂಗಳೊಳಗೆ ನಾಲಿಗೆ ಒಗ್ಗಿತು. ಈಗ ನೆಂಟರ ಮನೆಗೆ ಹೋದರೆ ಸಾರು ಉಪ್ಪುಪ್ಪು ಅಂತಾರೆ.

ಕೋಚಿಗೆ ಅಷ್ಟು ಹಣ ಕೊಡಬೇಕಾ ಅನ್ನೋದಕ್ಕೆ ನನ್ನ ಹತ್ತಿರ ಹೆಚ್ಚು ಉತ್ತರ ಇಲ್ಲ. ನಾಲ್ಕು ಸಾವಿರದವರಾಗಲಿ, ಆಸ್ಪತ್ರೆಯಲ್ಲೇ ಕೂರುವವರಾಗಲಿ, ಮಾತ್ರೆ ಚೀಟಿ ಕೇಳದೆ ಪಥ್ಯ ಹೇಳಿದರೆ ಅವರನ್ನ ಬಿಟ್ಟುಬಿಡಿ. ನನ್ನ ಚಿಕ್ಕಮ್ಮನಿಗೆ ಹೃದಯದ ಕವಾಟ ಬದಲಿಸಿ ರಕ್ತ ತೆಳು ಮಾಡುವ ಅಸಿಟ್ರಾಮ್ ಕೊಟ್ಟಿದ್ದಾರೆ. ಸೊಪ್ಪಿನಲ್ಲಿರೋ ವಿಟಮಿನ್ ಕೆ ಆ ಮಾತ್ರೆಯ ಕೆಲಸ ತಗ್ಗಿಸುತ್ತೆ. ಹಾಗಂತ ಸೊಪ್ಪು ಬಿಡಬೇಕಾಗಿಲ್ಲ, ವಾರವಾರವೂ ಒಂದೇ ಹದದಲ್ಲಿ ತಿನ್ನಬೇಕು. ಅಪ್ಪಯ್ಯನಿಗೆ ಆ ಚಿಂತೆ ಇಲ್ಲ. ಒಂದೇ ಕುಟುಂಬ, ಇಬ್ಬರೂ ಹಾರ್ಟ್ ಪೇಷೆಂಟ್, ಪಥ್ಯ ಬೇರೆ ಬೇರೆ.

ಮತ್ತೆ, ನಡುವೆ ನೀವು ನಿಲ್ಲಬೇಡಿ. ನಿಮ್ಮನೇಲಿ ಅಡುಗೆ ಮಾಡೋದೂ ಅಮ್ಮನೇ, ರೋಗಿಯೂ ಅಮ್ಮನೇ. ಎಲ್ಲರಿಗೂ ಬಡಿಸಿ, ಉಳಿದದ್ದನ್ನ ಕೊನೆಗೆ ಉಪ್ಪಿನಕಾಯಿ ಹಚ್ಚಿಕೊಂಡು ಉಣ್ಣುವವರಾದರೆ ಅದು ನಿಮಗೆ ಗೊತ್ತೇ ಇರಲ್ಲ, ಅವರೂ ಹೇಳಲ್ಲ. ಕೋಚಿಗೆ ಅಮ್ಮನ ನಂಬರ್ ಕೊಡಿ. ಕನ್ನಡದಲ್ಲಿ ಮಾತಾಡುವವರೇ ಬೇಕು ಅಂತ ಹಟ ಹಿಡೀರಿ.

ಇದೆಲ್ಲ ನಿಧಾನಕ್ಕೆ ಮಾಡಿ. ಆದರೆ ಇವತ್ತು ರಾತ್ರಿ ಫೋನ್ ಮಾಡಿದಾಗ ಚೀಟಿಯ ಎರಡೂ ಬದಿ ಫೋಟೋ ತರಿಸಿಕೊಂಡು ಸ್ಪೈರೊನೊಲ್ಯಾಕ್ಟೋನ್, ಎಪ್ಲೆರಿನೋನ್, ಅಥವಾ 'ಪ್ರಿಲ್', 'ಸಾರ್ಟಾನ್' ಅಂತ ಕೊನೆಯಾಗುವ ಮಾತ್ರೆ ಇದೆಯಾ ನೋಡಿ. ಇದ್ದರೆ ಮಾತ್ರೆ ನಿಲ್ಲಿಸಬೇಡಿ, ಅವು ಅಮ್ಮನಿಗೆ ಬೇಕಾದವು. ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಿಸಿ. ಪೊಟ್ಯಾಸಿಯಂ ಕ್ಲೋರೈಡ್ ಅಂತಿದ್ದರೆ ಆ ಪ್ಯಾಕೆಟ್ ತೆಗೆದಿಟ್ಟು, ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ರಕ್ತದ ಪೊಟ್ಯಾಸಿಯಂ ಟೆಸ್ಟ್ ಮಾಡಿಸಬೇಕಾ ಕೇಳಿ.