ಪತಿಗೆ ಅಂಟಿದ ಆನ್‌ಲೈನ್ ಆಟದ ಗೀಳು

ಪ್ರಶ್ನೆ: ನನ್ನ ಪತಿಗೆ 41 ವರ್ಷ. ರಾತ್ರಿ ಊಟವಾದ ಕೂಡಲೇ ಹೆಡ್‌ಫೋನ್ ಹಾಕಿಕೊಂಡು ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಕ್ಕೆ ಕುಳಿತರೆ ಏಳುವುದು ಎರಡು ಗಂಟೆಗೆ. ನಡುವೆ ಮಗು ಕರೆದರೂ ‘ಈಗ ಎದ್ದರೆ ತಂಡದವರೆಲ್ಲ ಸಾಯುತ್ತಾರೆ’ ಎನ್ನುತ್ತಾರೆ. ಸಿಟ್ಟಿನಿಂದ ಇಂಟರ್ನೆಟ್ ಕಿತ್ತುಹಾಕಿದಾಗ ನನ್ನೊಂದಿಗೆ ಮಾತನ್ನೇ ಬಿಟ್ಟರು. ಇದು ಚಟವೇ? ಬಿಡಿಸುವುದು ಹೇಗೆ?
– ಹೆಸರು ಬೇಡ

ಉತ್ತರ: ನಿಮ್ಮ ಪತಿಯ ಆ ಮಾತು ನೆಪವೆನಿಸಿದರೂ ಆಟದೊಳಗೆ ಅದು ನಿಜ. ಆಟಗಾರರು ಒಂದೊಂದು ಪಾತ್ರ ವಹಿಸುವ ಇಂತಹ ಆಟಗಳಲ್ಲಿ ಹತ್ತಿಪ್ಪತ್ತು ಮಂದಿ ‘ಗಿಲ್ಡ್’ ಎಂಬ ತಂಡ ಕಟ್ಟಿಕೊಂಡು, ಮೊದಲೇ ಗೊತ್ತುಮಾಡಿದ ಹೊತ್ತಿಗೆ ‘ರೇಡ್’ ಎಂಬ ಸಾಮೂಹಿಕ ಕಾಳಗಕ್ಕೆ ಇಳಿಯುತ್ತಾರೆ, ಗಾಯಗೊಂಡವರನ್ನು ಗುಣಪಡಿಸುವ ಪಾತ್ರಧಾರಿಯೊಬ್ಬ ಎದ್ದುಹೋದರೆ ಇಡೀ ತಂಡವೇ ನೆಲಕಚ್ಚಬಹುದು. ಈ ಆಟಕ್ಕೆ ಮುಕ್ತಾಯವೆಂಬುದೂ ಇಲ್ಲ, ಏಕೆಂದರೆ ಆಟಗಾರ ನಿದ್ರಿಸುವಾಗಲೂ ಅಲ್ಲಿನ ಲೋಕ ನಡೆಯುತ್ತಲೇ ಇರುತ್ತದೆ. ಅಪರೂಪದ ಆಯುಧ ಯಾವ ಕಾಳಗದಲ್ಲಿ ಕೈಸೇರೀತೆಂದು ಹೇಳಲಾಗದ್ದರಿಂದ ‘ಇನ್ನೊಂದೇ ಸಲ’ ಎಂಬ ಆಸೆಯೂ ಹಿಂಗುವುದಿಲ್ಲ. ಜೂಜಿನ ಯಂತ್ರದ ಮುಂದೆ ಜನ ಕುಳಿತೇ ಇರುವುದೂ ಇದೇ ಕಾರಣಕ್ಕೆ.

ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಅದು ಕಾಯಿಲೆಯಾಗುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಣ್ಣಿಗೆ ಕಂಡರೂ ಆಟ ಮುಂದುವರಿಯುವುದು – ಈ ಮೂರೂ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಾಣಿಸಿಕೊಂಡು, ಸಂಸಾರಕ್ಕೋ ಉದ್ಯೋಗಕ್ಕೋ ಗಣನೀಯ ಪೆಟ್ಟು ಬಿದ್ದಿದ್ದರೆ ಮಾತ್ರ ವೈದ್ಯರು ಹಾಗೆ ಗುರುತಿಸುತ್ತಾರೆ. ನಿಮ್ಮ ಪತ್ರವೊಂದನ್ನೇ ನೋಡಿ ನಾನು ಆ ಹೆಸರಿಡಲಾರೆ. ಆದರೆ ನಿದ್ದೆಗೆಟ್ಟ ರಾತ್ರಿಗಳು ಮತ್ತು ಮಗುವಿನ ಕರೆಗೆ ಏಳದಿರುವುದು ಅಲಕ್ಷಿಸುವಂಥವಲ್ಲ.

ಇಂಟರ್ನೆಟ್ ಕೀಳುವುದು ಬೇಡ. ತಂಡದವರ ಎದುರು ಮುಖಭಂಗವಾಯಿತೆಂಬ ಕೋಪವಷ್ಟೇ ಅದರಿಂದ ಉಳಿಯುತ್ತದೆ. ಅವರು ಆಡದ ಹೊತ್ತಿನಲ್ಲಿ, ಹಗಲಲ್ಲಿ, ಮಾತಿಗೆ ಕೂರಿ. ‘ಆಟ ಬಿಡಿ’ ಎನ್ನುವ ಬದಲು, ಅಲ್ಲಿ ಅವರ ಹೊಣೆ ಏನು, ಯಾರು ಅವರಿಗಾಗಿ ಕಾದಿರುತ್ತಾರೆ ಎಂದು ಕೇಳಿ. ಕಚೇರಿಯಲ್ಲಿ ಸಿಗದ ಮನ್ನಣೆ ಗಿಲ್ಡ್‌ನಲ್ಲಿ ಸಿಗುತ್ತಿರಬಹುದು. ಅದನ್ನು ಹೀಗಳೆದರೆ ಮಾತುಕತೆ ಅಲ್ಲಿಗೇ ಮುಗಿದಂತೆ. ನನ್ನ ಅಭಿಪ್ರಾಯದಲ್ಲಿ ಗಂಟೆಗಳನ್ನು ಲೆಕ್ಕ ಹಾಕುವುದಕ್ಕಿಂತ ಮೊದಲು ಅವರು ತಂಡದ ಹೊಣೆಯಿಂದ ಕೆಳಗಿಳಿಯಬೇಕು. ತಮ್ಮ ಸ್ಥಾನಕ್ಕೆ ಬೇರೊಬ್ಬರನ್ನು ನೋಡಿಕೊಳ್ಳುವಂತೆ ತಂಡಕ್ಕೆ ಅವರೇ ತಿಳಿಸಲಿ. ಬರಿದೇ ಆಟವನ್ನು ಕಂಪ್ಯೂಟರಿನಿಂದ ಅಳಿಸಿದರೆ ಸಾಲದು, ಏಕೆಂದರೆ ಖಾತೆ ಉಳಿದಿರುವವರೆಗೆ ಅವರು ಬೆಳೆಸಿದ ಪಾತ್ರವೂ ಸಾಮಾನ್ಯವಾಗಿ ಉಳಿದಿರುತ್ತದೆ. ಮೊದಲ ದಿನಗಳಲ್ಲಿ ಸಿಡಿಮಿಡಿ, ಬೇಸರ ಸಹಜ. ಬಿಡುವಾದ ರಾತ್ರಿಯ ಹೊತ್ತಿಗೆ ಬೇರೇನಾದರೂ ಇರುವಂತೆ ಇಬ್ಬರೂ ಮುಂಚೆಯೇ ಯೋಚಿಸಿಡಿ.

ಖಿನ್ನತೆಯೋ ಆತಂಕವೋ ಮೊದಲೇ ಇದ್ದು, ಆಟ ಅದರ ಮರೆಯಾಗಿರುವುದೂ ಉಂಟು. ಆದ್ದರಿಂದ ಮನೋವೈದ್ಯರನ್ನು ಕಾಣುವುದು ಒಳ್ಳೆಯದು; ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಸಿಬಿಟಿ ಚಿಕಿತ್ಸೆಯನ್ನು ಇದಕ್ಕೆ ಹೆಚ್ಚಾಗಿ ಬಳಸುತ್ತಾರೆ. ಪತಿ ಬರಲೊಪ್ಪದಿದ್ದರೆ ಮೊದಲು ನೀವೊಬ್ಬರೇ ಹೋಗಿ ಸಲಹೆ ಪಡೆಯಬಹುದು. ಬದುಕು ಬೇಡವೆಂಬ ಮಾತು ಅವರ ಬಾಯಲ್ಲಿ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ.