ಓದುಗರ ಪ್ರಶ್ನೆ: ಜರ್ಮನಿಯಲ್ಲಿ ಯಾವ ಕಚೇರಿಗೆ ಯಾವ ಅಧಿಕಾರ?

ಪ್ರಶ್ನೆ: ನನ್ನ ಮಗಳು ಪುಣೆಯಲ್ಲಿ ಓದಿ, ಈಗ ಬ್ಲೂ ಕಾರ್ಡ್ (ಉನ್ನತ ಶಿಕ್ಷಣ ಪಡೆದ ವಿದೇಶೀಯ ಉದ್ಯೋಗಿಗಳಿಗೆ ಯುರೋಪಿಯನ್ ಒಕ್ಕೂಟದ ದೇಶಗಳು ಕೊಡುವ ಪರವಾನಗಿ) ಪಡೆದು ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾಳೆ. ವೀಸಾ ಕೊಟ್ಟದ್ದು ಜರ್ಮನಿಯ ಕೇಂದ್ರ ಸರ್ಕಾರದ ದೂತಾವಾಸ; ವಾಸದ ಪರವಾನಗಿಗೆ ಮಾತ್ರ ನಗರಾಡಳಿತದ ಕಚೇರಿಗೆ ಹೋಗಬೇಕಂತೆ. ತಕರಾರಿದ್ದರೆ ಯಾರನ್ನು ಕೇಳಬೇಕು? ಮತದ ಹಕ್ಕಿಲ್ಲದವರ ಮಾತಿಗೆ ಅಲ್ಲಿ ಬೆಲೆಯಿದೆಯೇ?
– ಓದುಗರೊಬ್ಬರು, ಚಿಂಚವಡ

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣ ಜರ್ಮನಿಯ 1949ರ ಸಂವಿಧಾನದಲ್ಲಿಯೇ ಇದೆ. ಅದರ ಪ್ರಕಾರ ಕೇಂದ್ರದ ಕಾನೂನುಗಳನ್ನು ಸಾಮಾನ್ಯವಾಗಿ ಜಾರಿಗೊಳಿಸುವವರು ಅಲ್ಲಿಯ 16 ರಾಜ್ಯಗಳು. ರಾಜ್ಯಗಳು ಆ ಹೊಣೆಯ ಬಹುಭಾಗವನ್ನು ನಗರಗಳಿಗೂ ಜಿಲ್ಲೆಗಳಿಗೂ ವಹಿಸಿವೆ. ನಮ್ಮಲ್ಲಿ ವಿದೇಶೀಯರ ನೋಂದಣಿ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದ್ದರೆ, ಅಲ್ಲಿ ವಾಸದ ಕಾನೂನು ದೇಶಕ್ಕೆಲ್ಲ ಒಂದೇ ಆದರೂ ಅದನ್ನು ನಿಮ್ಮ ಮಗಳಿಗೆ ಅನ್ವಯಿಸುವುದು ಸ್ಟುಟ್‌ಗಾರ್ಟ್ ನಗರದ ವಿದೇಶೀಯರ ಕಚೇರಿ. ಒಂದೇ ಅರ್ಜಿ ಒಂದು ಊರಿನಲ್ಲಿ ಬೇಗ ಮುಗಿದು ಇನ್ನೊಂದರಲ್ಲಿ ತಿಂಗಳುಗಟ್ಟಲೆ ಕುಳಿತುಕೊಳ್ಳುವುದೂ ಇದರಿಂದಲೇ. ಬರ್ಲಿನ್ನಿನ ಸಚಿವಾಲಯಕ್ಕೆ ಬರೆದು ಪ್ರಯೋಜನವಿಲ್ಲ.

ಪುಣೆಯವರಿಗೆ ಇನ್ನೊಂದು ವ್ಯತ್ಯಾಸವೂ ಹೊಸದೆನಿಸಬಹುದು. ನಮ್ಮ ಮಹಾನಗರಪಾಲಿಕೆಯಲ್ಲಿ ಮೇಯರ್ ಇದ್ದರೂ ಆಡಳಿತದ ಬೀಗದ ಕೈ ರಾಜ್ಯ ಸರ್ಕಾರ ನೇಮಿಸಿದ ಆಯುಕ್ತರ ಬಳಿ ಇರುತ್ತದೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮೇಯರನ್ನು ಜನರೇ ನೇರವಾಗಿ 8 ವರ್ಷಗಳ ಅವಧಿಗೆ ಆರಿಸುತ್ತಾರೆ, ಮತ್ತು ನಗರದ ಆಡಳಿತಕ್ಕೆ ಅವರೇ ಮುಖ್ಯಸ್ಥರು. (ಮುಂಬಯಿ ಮತ್ತು ಸ್ಟುಟ್‌ಗಾರ್ಟ್ 1968ರಿಂದ ಸೋದರಿ ನಗರಗಳು, ಆಡಳಿತದ ಈ ಪಾಠವನ್ನು ಮಾತ್ರ ನಾವು ಕಲಿತಂತಿಲ್ಲ.)

ಎಲ್ಲದರ ಆರಂಭ ವಿಳಾಸದ ನೋಂದಣಿ, ಅಂದರೆ ಆನ್‌ಮೆಲ್ಡುಂಗ್. ಮನೆಗೆ ಹೋದ ಎರಡು ವಾರಗಳೊಳಗೆ, ಮನೆಯ ಮಾಲೀಕರ ಲಿಖಿತ ದೃಢೀಕರಣದೊಂದಿಗೆ ಅದನ್ನು ಮಾಡಿಸಬೇಕು. 11 ಅಂಕಿಗಳ ತೆರಿಗೆ ಸಂಖ್ಯೆ ಅದರ ಬೆನ್ನಿಗೆ ಕೇಂದ್ರ ತೆರಿಗೆ ಕಚೇರಿಯಿಂದ ಅಂಚೆಯಲ್ಲಿ ಬರುತ್ತದೆ. ನೋಂದಣಿಯ ವೇಳೆ ಧರ್ಮವನ್ನು ಕೇಳಿದರೆ ಗಾಬರಿಯಾಗಬೇಕಿಲ್ಲ. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಮೊದಲಾದ ಸಭೆಗಳ ಸದಸ್ಯರಿಂದ ಸರ್ಕಾರವೇ ಚರ್ಚ್ ತೆರಿಗೆಯನ್ನು ವಸೂಲು ಮಾಡಿಕೊಡುವುದರಿಂದ ಆ ಪ್ರಶ್ನೆ ಬರುತ್ತದೆ.

ಇನ್ನು ತಕರಾರಿನ ಮಾತು. ಜಾಗ್ರತೆ ಬೇಕಿರುವುದು ಇಲ್ಲಿಯೇ. ಜರ್ಮನಿಯ ಕಚೇರಿಗಳಲ್ಲಿ ಬಾಯಿಮಾತಿಗೆ ತೂಕ ಕಡಿಮೆ, ಕಾಗದಕ್ಕೆ ಹೆಚ್ಚು. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣಗಳೊಂದಿಗೆ ಲಿಖಿತ ಆದೇಶ ಬರುತ್ತದೆ, ಅದರ ಕೊನೆಯಲ್ಲಿ ಯಾರಿಗೆ, ಎಷ್ಟು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕೆಂಬ ಸೂಚನೆಯಿರುತ್ತದೆ. ಸಾಮಾನ್ಯ ಅವಧಿ ಒಂದು ತಿಂಗಳು. ಆ ಸೂಚನೆಯನ್ನೇ ಬರೆಯಲು ಕಚೇರಿ ಮರೆತಿದ್ದರೆ ಅವಧಿ ಒಂದು ವರ್ಷಕ್ಕೆ ವಿಸ್ತರಿಸುತ್ತದೆ. ಬವೇರಿಯದಂತಹ ರಾಜ್ಯಗಳಲ್ಲಿ ಬಹುತೇಕ ವಿಷಯಗಳಿಗೆ ಆಕ್ಷೇಪಣೆಯ ಮೆಟ್ಟಿಲೇ ಇಲ್ಲ, ನೇರವಾಗಿ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಕಾನೂನಿನ ಪ್ರಕಾರ ಆಡಳಿತದ ಭಾಷೆ ಜರ್ಮನ್ ಆಗಿರುವುದರಿಂದ, ಕೌಂಟರಿನಲ್ಲಿ ಯಾರೋ ಇಂಗ್ಲಿಷ್ ಮಾತನಾಡಿದರೆಂದು ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವುದು ಬೇಡ. ಬಂದ ಲಕೋಟೆಯನ್ನು ಅಂದೇ ಒಡೆದು ಓದುವ ಅಭ್ಯಾಸವನ್ನು ನಿಮ್ಮ ಮಗಳು ಮಾಡಿಕೊಳ್ಳಲಿ.

ಮತದ ವಿಷಯದಲ್ಲಿ ಉತ್ತರ ನಿರಾಶಾದಾಯಕ. ವಿದೇಶೀಯರಿಗೆ ಸ್ಥಳೀಯ ಮತ ನೀಡಲು ಎರಡು ರಾಜ್ಯಗಳು ಮಾಡಿದ್ದ ಕಾನೂನನ್ನು ಸಂವಿಧಾನ ನ್ಯಾಯಾಲಯ 1990ರಲ್ಲಿ ರದ್ದುಪಡಿಸಿತು. ಆನಂತರ ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ ಮಾತ್ರ ಆ ಹಕ್ಕು ದೊರೆಯಿತು. ಆದರೂ ಸಂವಿಧಾನದ 17ನೆಯ ವಿಧಿಯಂತೆ ಸಂಸತ್ತಿಗೆ ಮನವಿ ಸಲ್ಲಿಸುವ ಹಕ್ಕು ಪ್ರಜೆಗಳಿಗಷ್ಟೇ ಅಲ್ಲದೆ ಎಲ್ಲರಿಗೂ ಇದೆ. ಕಂಪನಿಯಲ್ಲಿ ಕಾರ್ಮಿಕ ಮಂಡಳಿಯಿದ್ದರೆ ಅದರ ಚುನಾವಣೆಯಲ್ಲಿ ಪೌರತ್ವವನ್ನು ಯಾರೂ ಕೇಳುವುದಿಲ್ಲ, ಮತ್ತು ದಿನನಿತ್ಯದ ಬದುಕಿಗೆ ಆ ಮತವೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಜರ್ಮನಿಯ ಪೌರತ್ವ ಪಡೆದ ಮೇಲೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಠಾಣೆ

ಉತ್ತರ: ಇಲ್ಲ. 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವಗಳಿಗೆ ಒಪ್ಪಿದೆ, ಆದರೆ ಭಾರತ ಒಪ್ಪಿಲ್ಲ. ನಮ್ಮ 1955ರ ಪೌರತ್ವ ಕಾಯಿದೆಯಂತೆ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಡೆಯಬಹುದು. ಅದರಿಂದ ವೀಸಾದ ತಾಪತ್ರಯ ತಪ್ಪುತ್ತದೆಯೇ ಹೊರತು ಮತದ ಹಕ್ಕು ಬರುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಮಹಾರಾಷ್ಟ್ರದಲ್ಲಿ ನೆಲೆಸಿದ ಕುಟುಂಬಗಳು ಇನ್ನೊಂದನ್ನೂ ಗಮನಿಸಬೇಕು: ಒಸಿಐ ಇರುವವರಿಗೆ ಊರಿನ ಹೊಲ ಪಿತ್ರಾರ್ಜಿತವಾಗಿ ಬರಬಹುದು, ಆದರೆ ಅವರು ಹೊಸದಾಗಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ.